ಅತ್ತಿಗೆಯ ಸೂತಕಗಳು

ನಿಮ್ಮ ಅಜ್ಜನ ಅಕ್ಕನಷ್ಟು ಸುಳ್ಳು ಹೇಳಿದ ಹೆಂಗಸನ್ನು ನಾನು ಈ ಜನ್ಮದಲ್ಲಿ ಇನ್ನೊಬ್ಬಳನ್ನು ಕಂಡಿಲ್ಲ. ಅದೂ ಕದ್ದುಮುಚ್ಚಿ ಅಲ್ಲ ಮಕ್ಕಳೇ, ದಿನಾ ಸಂಜೆ, ದೊಡ್ಡ ಗೇಟಿನ ಮುಂದೆ ನಿಂತು, ಖಾಕಿ ಹಾಕಿದ ವಾಚಮನ್ನನ ಮುಖ ನೋಡುತ್ತ!

ಅತ್ತಿಗೆ ವಡಾಲದ ಚಾಳಿನಲ್ಲಿ ನಮ್ಮ ಜೊತೆಗೇ ಇದ್ದಳು. ನಾನು ಮದುವೆಯಾಗಿ ಬರುವ ಹೊತ್ತಿಗೆ ಒಂದು ಮಹಿಳಾ ಸಂಘದವರು ಅವಳನ್ನು ಆಸ್ಪತ್ರೆಯ ಕೆಲಸಕ್ಕೆ ಇಟ್ಟುಕೊಂಡಿದ್ದರು. ವಿಜಾಪುರ, ಗುಲಬರ್ಗಾ ಕಡೆಯಿಂದ ಕಟ್ಟಡ ಕಟ್ಟಲು ಬಂದು, ಬಿದ್ದು, ಕೈಕಾಲು ಮುರಿದುಕೊಂಡು ಮಲಗಿದವರಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಡಾಕ್ಟರಿಗೆ ಕನ್ನಡ ಬಾರದು. ಇವರ ನೋವನ್ನು ಅವರಿಗೆ, ಅವರ ಔಷಧವನ್ನು ಇವರಿಗೆ ತಿಳಿಸುವುದು ಅತ್ತಿಗೆಯ ಕೆಲಸ. ಅದು ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಅಷ್ಟಕ್ಕೆ ಸುಮ್ಮನಿದ್ದರೆ ಅವಳು ಅತ್ತಿಗೆಯೇ ಅಲ್ಲ. ಯಾರೂ ನೋಡಲು ಬಾರದವರ ಮಂಚದ ಬಳಿ ಕೂರಲು ಸಂಜೆ ಮತ್ತೆ ಹೋಗುವಳು. ಆದರೆ ಸಂಜೆ ಸಂಬಂಧಿಕರನ್ನು ಮಾತ್ರ ಒಳಗೆ ಬಿಡುತ್ತಿದ್ದರು!

"ಕಾಯ್ ಮಾವಶಿ, ಆಜ್ ಕೋಣ್?" ಏನು ಚಿಕ್ಕಮ್ಮ, ಇವತ್ತು ಯಾರು ಎಂದು ದಪ್ಪ ಮೀಸೆಯ ವಾಚಮನ್ ಮರಾಠಿಯಲ್ಲಿ ಕೇಳುವನು.

"ಸಖ್ಖಾ ಭಾಊ." ಅಂದರೆ ಖಾಸ ತಮ್ಮ.

ಗೇಟಿನ ಈ ನಾಟಕವನ್ನೆಲ್ಲ ಅವಳು ಮನೆಗೆ ಬಂದು ಕನ್ನಡದಲ್ಲಿ ಆಡಿ ತೋರಿಸುವಳು. ಒಮ್ಮೆ ಅವನು, "ಮಾವಶಿ, ನಿನ್ನೆ ರಾಯಚೂರಿನ ತಮ್ಮ, ಇವತ್ತು ವಿಜಾಪುರದ ತಮ್ಮ. ನಿಮ್ಮಪ್ಪ ಎಂಥಾ ಮನುಷ್ಯ?" ಎಂದನಂತೆ. ಅತ್ತಿಗೆ ಕಣ್ಣು ಮಿಟುಕಿಸದೆ, "ಅವ ರೇಲ್ವೇದಾಗ ಇದ್ದ. ಎಲ್ಲಾ ಊರಿಗೂ ವರ್ಗ ಆಗ್ತಿತ್ತು" ಎಂದಳಂತೆ!

ನಿಮ್ಮ ಅಜ್ಜನಿಗೆ ಚಹಾ ನೆತ್ತಿಗೇರಿತು. "ಅಕ್ಕಾ! ಅವ ನನಗೂ ಅಪ್ಪ! ಸಾಲಿ ಮಾಸ್ತರಾಗಿ ಊರ ಅಗಸಿ ದಾಟಲಾರದೇ ಸತ್ತಾನ. ಅವನ ಹೆಸರು ಯಾಕ ಕೆಡಸ್ತಿ?"

"ಪುಣ್ಯದ ಕೆಲಸಕ್ಕ ಕೆಡಸೀನಿ, ಬಿಡೋ" ಎಂದಳು. ನಾನು ಸೆರಗು ಬಾಯಿಗೆ ತುರುಕಿಕೊಂಡು ಒಲೆಯ ಕಡೆ ತಿರುಗಿದೆ.

ಒಳಗೆ ಹೋಗಿ ಅವಳು ಮಾಡುತ್ತಿದ್ದದ್ದೇನು? ಜಗಳ! ಬೈಯಲು ಒಬ್ಬರಿರುವ ರೋಗಿಯ ಕಡೆ ನರ್ಸುಗಳೂ ಎರಡು ಸಲ ನೋಡುತ್ತಾರೆ ಎಂಬುದು ಅವಳ ನಂಬಿಕೆ. ಒಬ್ಬ ಹುಡುಗ ಔಷಧ ಒಲ್ಲೆನೆಂದು ಬಾಯಿ ಮುಚ್ಚಿಕೊಂಡನಂತೆ. "ಕುಡೀತಿಯೋ ಇಲ್ಲೋ? ನಿನ್ನ ಹೇಣ್ತಿಗೆ ನಾ ಏನ್ ಉತ್ತರಾ ಕೊಡ್ಲಿ?"

"ನನಗಿನ್ನೂ ಲಗ್ನ ಆಗಿಲ್ರೀ ಅಕ್ಕಾರ."

"ಹಂಗಾರ ಕುಡಿ. ಆಗಬೇಕಲ್ಲಾ!"

ಎಲ್ಲರೂ ಬದುಕುತ್ತಿರಲಿಲ್ಲ. ಅವಳ ನಿಜವಾದ ಹುಚ್ಚು ಶುರುವಾಗುತ್ತಿದ್ದದ್ದು ಆಗ. ಅವಳ ತಮ್ಮಂದಿರಲ್ಲಿ ಒಬ್ಬ ತೀರಿಕೊಂಡರೆ ಅತ್ತಿಗೆ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ಸೂತಕ ಹಿಡಿದು ಕೂರುವಳು. ದೇವರ ಮುಂದೆ ದೀಪವಿಲ್ಲ, ಸಿಹಿಯಿಲ್ಲ, ಸಾರಿಗೆ ಒಗ್ಗರಣೆಯಿಲ್ಲ. (ಒಗ್ಗರಣೆ ಅಂದರೆ ನಿಮ್ಮ ಭಾಷೆಯ ತಡ್ಕಾ.) ಯುಗಾದಿಯ ಹೂರಣ ರುಬ್ಬಿಟ್ಟ ಮೇಲೂ ಹೀಗಾದದ್ದುಂಟು! ಆ ಹೂರಣ ನೆರೆಮನೆಯ ಪಾಲಾಯಿತು.

"ಆಸ್ಪತ್ರ್ಯಾಗ ಎಲ್ಲಾರೂ ಆರಾಮ ಇದ್ದರಷ್ಟ ನಮ್ಮ ಮನ್ಯಾಗ ಹಬ್ಬೇನು?" ನಿಮ್ಮ ಅಜ್ಜ ಕೂಗಾಡಿದರು. "ಅವ ಯಾವನೋ, ನೀ ಯಾರೋ!"

"ಬಾಗಲದಾಗ ತಮ್ಮ ಅಂದೀನಿ. ಸತ್ತ ಮ್ಯಾಲೆ ಅಲ್ಲ ಅನ್ಲೇನು?"

"ನಾಳೆ ನೀ ಸತ್ತರ ಯಾರು ಹಿಡೀಬೇಕು ಸೂತಕ? ಅರ್ಧ ಕರ್ನಾಟಕ ಸ್ನಾನಕ್ಕ ನಿಲ್ಲಬೇಕಾಗ್ತದ!"

"ಒಬ್ಬರು ಹಿಡಿದರ ಸಾಕೋ" ಎಂದಳು ಅತ್ತಿಗೆ. ಯಾಕೋ ನಗಲಿಲ್ಲ.

ಒಂದು ನಾಗಪಂಚಮಿಯಲ್ಲಿ ಮತ್ತೆ ಅವಳ ಸೂತಕ ಬಂದು, ನಾನು ಕಟ್ಟಿದ ಎಳ್ಳುಂಡಿಗಳ ಡಬ್ಬಿ ಮುಚ್ಚುವಾಗ ನನ್ನ ಕಣ್ಣು ತುಂಬಿದವು. ಅತ್ತಿಗೆ ನೋಡಿದಳು. ಆಗ, ಅದೊಂದೇ ಸಲ, ತನ್ನ ಗಂಡನ ಮಾತೆತ್ತಿದಳು. ಅವನು ಗಿರಣಿ ಕೆಲಸಕ್ಕೆಂದು ಈ ಊರಿಗೆ ಬಂದವನು, ಯಾವುದೋ ಆಸ್ಪತ್ರೆಯಲ್ಲಿ ಯಾರೂ ಇಲ್ಲದೆ ಹೋದ. ಸುದ್ದಿ ಹಳ್ಳಿ ಮುಟ್ಟುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು.

"ಅವ ಸತ್ತ ದಿನ ಪಂಚಮಿ ಇತ್ತವ್ವಾ. ನಾ ಹೊಸಾ ಬಳಿ ಇಟಗೊಂಡು ಜೋಕಾಲಿ ಆಡಿದ್ದೆ. ಉಂಡಿ ತಿಂದಿದ್ದೆ. ಅವನ ಸಲುವಾಗಿ ಆ ದಿನಾ ಜಗತ್ತಿನಾಗ ಒಬ್ಬರೂ ಒಂದು ತುತ್ತು ಬಿಡಲಿಲ್ಲ."

ನಾನು ಡಬ್ಬಿಯನ್ನು ಮೇಲಿನ ಹಲಗೆಗೆ ಎತ್ತಿಟ್ಟೆ. ಮುಂದೆಂದೂ ಆ ಮಾತಿಗೆ ಅಳಲಿಲ್ಲ.

ಆಮೇಲೆ ನಿಮ್ಮ ಅಜ್ಜ ಕಾಮಾಲೆಯಾಗಿ ಅದೇ ಆಸ್ಪತ್ರೆ ಸೇರಿದರು. ಆ ಸಂಜೆ ಅತ್ತಿಗೆಯ ಹಿಂದೆ ನಾನೂ ಗೇಟಿನಲ್ಲಿ ನಿಂತಿದ್ದೆ. "ಕಾಯ್ ಮಾವಶಿ, ಆಜ್ ಕೋಣ್?" ವಾಚಮನ್ ಎಂದಿನಂತೆ ನಗುತ್ತ ಕೇಳಿದ. ಅತ್ತಿಗೆ ಬಾಯಿ ತೆರೆದಳು. ಅಷ್ಟು ಸುಳ್ಳು ಸಲೀಸಾಗಿ ಹೇಳಿದವಳಿಗೆ ನಿಜ ಹೇಳಲು ಆಗಲಿಲ್ಲ, ಮಕ್ಕಳೇ. ಅವನ ನಗು ಇಳಿಯಿತು. ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡು ಗೇಟನ್ನು ಪೂರಾ ತೆರೆದ.

ನಿಮ್ಮ ಅಜ್ಜ ಮನೆಗೆ ಬರಲಿಲ್ಲ. ಸೂತಕ ಕಳೆದ ಮರುದಿನ ಅತ್ತಿಗೆ ಮತ್ತೆ ಕೆಲಸಕ್ಕೆ ಹೋದಳು. ಸಂಜೆ ಯಾವನೋ ಗುಲಬರ್ಗಾದ ತಮ್ಮನನ್ನು ಬೈದು ಬಂದಳು.

ಹೆಚ್ಚು ಕಾಲ ಅವಳೂ ಉಳಿಯಲಿಲ್ಲ. ಒಂದು ಬೆಳಿಗ್ಗೆ ಆಸ್ಪತ್ರೆಗೆ ಹೊರಟು, ಚಪ್ಪಲಿ ಹಾಕಿಕೊಳ್ಳಲು ಹೊಸ್ತಿಲ ಮೇಲೆ ಕೂತವಳು ಏಳಲಿಲ್ಲ. ಕೊಟ್ಟು ಹೊರಗಾದ ಹೆಣ್ಣುಮಗಳು, ನಿಮಗೆ ಮೂರೇ ದಿನ, ಪೂರ್ತಿ ಸೂತಕ ಗಂಡನ ಮನೆಯವರಿಗೆ ಎಂದರು ಭಟ್ಟರು. ಗಂಡನ ಮನೆಯಲ್ಲಿ ಯಾರಿದ್ದರು? ಒಬ್ಬರೂ ಇರಲಿಲ್ಲ.

ಮೂರು ದಿನ ಕಳೆದ ಮೇಲೆ ಒಗ್ಗರಣೆಗೆ ಎಣ್ಣೆ ಇಟ್ಟೆ. ಸಾಸಿವೆ ಹಾಕಲು ಕೈ ಬರಲಿಲ್ಲ. ಹಾಗೇ ನಿಂತಿದ್ದಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು.

ಒಬ್ಬ ಮುದುಕ. ತಲೆ ಬೋಳಿಸಿತ್ತು, ಮುಖವೂ ನುಣ್ಣಗೆ. ಗುರುತು ಹತ್ತಲಿಲ್ಲ. ಪರಗಂಡಸರ ಎದುರು ನನಗೆ ಎಂದೂ ಮಾತು ಬಂದದ್ದಿಲ್ಲ. ಆ ದಿನ ಹೇಗೋ ಕೇಳಿದೆ, ಅತ್ತಿಗೆಯಿಂದ ಕೇಳಿ ಕೇಳಿ ಬಾಯಿಗೆ ಬಂದಿದ್ದ ಮರಾಠಿಯಲ್ಲಿ, "ಕೋಣ್?"

ಜನ್ಮವಿಡೀ ತಾನೇ ಕೇಳುತ್ತಿದ್ದ ಆ ಪ್ರಶ್ನೆಗೆ ಅವನು ತಲೆ ತಗ್ಗಿಸಿದ. ಆಗ ತಿಳಿಯಿತು, ಆ ಮುಖದಲ್ಲಿ ಇಲ್ಲದ್ದು ದಪ್ಪ ಮೀಸೆ.

"ಸಖ್ಖಾ ಭಾಊ" ಎಂದ.

ನಾನು ಒಲೆ ಆರಿಸಿದೆ. ಒಳಗೆ ಬನ್ನಿ ಎಂದು ಚಾಪೆ ಹಾಸಿದೆ. ನಮ್ಮ ಮಾವನವರು ರೈಲ್ವೆಯಲ್ಲಿದ್ದರಲ್ಲ! ಎಲ್ಲ ಊರಿಗೂ ವರ್ಗವಾಗುತ್ತಿತ್ತು.