ಸ್ವಂತ ಊರಿನ ವಿರುದ್ಧ ಒಂದು ಚೀಟಿ

ಓಬ್ರೆನ್ ಸೀನಿದ್ದೇ ಎಡವಟ್ಟಾಯಿತು.

ಮುಖದ ತುಂಬ ಸೋಪಿನ ನೊರೆ ಮೆತ್ತಿಸಿಕೊಂಡು ದೆಸಿಮಿರನ ಕ್ಷೌರದಂಗಡಿಯಲ್ಲಿ ಹಾಯಾಗಿ ಒರಗಿದ್ದವನ ಮೂಗಿಗೆ ನೊರೆ ಹೊಕ್ಕಿತು. ಗಡಬಡಿಸಿ ಜೇಬಿನಿಂದ ಕರವಸ್ತ್ರ ಎಳೆದ. ಅದರ ಜೊತೆಗೇ ಬಾಜಿ ಅಂಗಡಿಯ ಚೀಟಿಯೊಂದು ಹಾರಿ ನೆಲದ ಮೇಲಿನ ಕೂದಲ ರಾಶಿಗೆ ಬಿತ್ತು. ದೆಸಿಮಿರ್ ಬಗ್ಗಿ ಎತ್ತಿಕೊಂಡ. ಅವನು ಊರಿನ ಬಾಸ್ಕೆಟ್‌ಬಾಲ್ ತಂಡದ ಅಭಿಮಾನಿ ಸಂಘದ ಅಧ್ಯಕ್ಷ. ಇನ್ನೊಬ್ಬರ ಚೀಟಿಯನ್ನು ಓದದೆ ವಾಪಸು ಕೊಡುವ ಪೈಕಿಯಲ್ಲ.

"ನೋವಿ ಸಾದ್ ಗೆಲುವು. ನಿಶ್ ಗೆಲುವು. ಝಾಗ್ರೆಬ್ ಗೆಲುವು," ಎಂದು ಗಟ್ಟಿಯಾಗಿ ಓದಿದವನು ನಾಲ್ಕನೆಯ ಸಾಲಿಗೆ ಬಂದು ನಿಂತ. ಇನ್ನೊಂದು ಕೈಯಲ್ಲಿದ್ದ ಕತ್ತಿಯೂ ಗಾಳಿಯಲ್ಲೇ ನಿಂತಿತು. "ಲೋ ಓಬ್ರೆನ್! ಇವತ್ತು ಸಂಜೆ ನಮ್ಮೂರಿನ ಮೇಲೆ ಬೆಲ್‌ಗ್ರೇಡ್‌ನೋರು ಗೆಲ್ತಾರೆ ಅಂತ ಹಾಕಿದ್ದೀಯಾ?"

ಸರದಿಗಾಗಿ ಕಾಯುತ್ತಿದ್ದ ಮಾಂಸದಂಗಡಿಯ ತಿಹೋಮಿರ್ ಪತ್ರಿಕೆ ಕೆಳಗಿಳಿಸಿದ. "ಏನು? ನಮ್ಮ ಹುಡುಗರು ಸೋಲ್ಲಿ ಅಂತ ದುಡ್ಡು ಕಟ್ಟಿದಾನಾ?"

"ಸೋಲ್ಲಿ ಅಂತಲ್ಲ. ಸೋಲ್ತಾರೆ ಅಂತ," ಎಂದ ಓಬ್ರೆನ್, ನೊರೆಯೊಳಗಿಂದಲೇ.

ಓಬ್ರೆನ್ ನೀರಿನ ಇಲಾಖೆಯಲ್ಲಿ ಮೀಟರ್ ಓದುವವನು. ಮನೆಯಿಂದ ಮನೆಗೆ ನಡೆಯುವಾಗಲೆಲ್ಲ ತಲೆಯೊಳಗೆ ಬಾಜಿಯ ಲೆಕ್ಕ. ಒಂದೇ ಚೀಟಿಯಲ್ಲಿ ನಾಲ್ಕು ಪಂದ್ಯ ಸೇರಿಸಿ ಕಟ್ಟಿದರೆ ಒಂದರ ಲಾಭ ಇನ್ನೊಂದಕ್ಕೆ ಗುಣಿಸಿಕೊಂಡು ಬೆಟ್ಟದಷ್ಟಾಗುತ್ತದೆ. ಆದರೆ ನಾಲ್ಕೂ ಹೇಳಿದ ಹಾಗೇ ಆಗಬೇಕು. ಒಂದು ಕೈಕೊಟ್ಟರೂ ಚೀಟಿ ಮೂಗೊರೆಸಲೂ ಆಗದು. ವರ್ಷಗಟ್ಟಲೆ ಓಬ್ರೆನನ ಚೀಟಿಗಳು ಒಂದೇ ಒಂದು ಪಂದ್ಯದಿಂದ ಸತ್ತಿದ್ದವು. ಹುಡುಗರು ಅವನನ್ನು ಕರೆಯುತ್ತಿದ್ದದ್ದೇ 'ಒಂದರಲ್ಲಿ ಹೋದ ಓಬ್ರೆನ್' ಎಂದು. ಹಳೆಯದನ್ನೆಲ್ಲ ಕೂತು ಯೋಚಿಸಿದಾಗ ಆ 'ಒಂದು' ಯಾವಾಗಲೂ ಸ್ವಂತ ಊರಿನ ತಂಡವೇ ಎಂಬುದು ಅವನಿಗೆ ಹೊಳೆದಿತ್ತು.

"ಮೂರು ಪಂದ್ಯ ತಲೆಯಿಂದ ಆರಿಸ್ತೀವಿ, ನಾಲ್ಕನೇದು ಎದೆಯಿಂದ," ಎಂದು ಅವನು ಕುರ್ಚಿಯಿಂದೆದ್ದು ಭಾಷಣಕ್ಕೆ ನಿಂತ. "ಅಲ್ಲೇ ಮಣ್ಣು ಮುಕ್ಕೋದು. ನಮ್ಮ ತಂಡದ ಆ ಉದ್ದನೆಯ ಹುಡುಗನ ಮಂಡಿ ಊದಿದೆ. ಬೆಲ್‌ಗ್ರೇಡ್‌ನೋರು ವಾರವಿಡೀ ವಿಶ್ರಾಂತಿ ಪಡೆದಿದ್ದಾರೆ. ಇದು ದ್ರೋಹ ಅಲ್ಲ ಕಣ್ರಯ್ಯಾ, ತಂತ್ರ!"

"ತಂತ್ರವಂತೆ ತಂತ್ರ! ನಿಮ್ಮಪ್ಪ ಕೇಳಿದ್ರೆ ಸಮಾಧಿಯಿಂದ ಎದ್ದು ಬರ್ತಿದ್ದ," ಎಂದ ದೆಸಿಮಿರ್.

"ಬರ್ಲಿ. ಅವನೂ ಒಂದರಲ್ಲಿ ಹೋದೋನೇ."

ಅರ್ಧ ಕೆನ್ನೆ ಬೋಳಿಸಿದ ಮೇಲೆ ದೆಸಿಮಿರ್ ಕತ್ತಿ ಮಡಚಿಟ್ಟ. ಊರ ವೈರಿಯ ಇನ್ನರ್ಧ ಗಡ್ಡ ತನ್ನ ಕೈಯಿಂದ ಬೋಳಿಸಲಾಗದು ಎಂದ. ಓಬ್ರೆನ್ ಚೀಟಿ ಕಿತ್ತುಕೊಂಡು, ಹಾಗೇ ಟೋಪಿ ಹಾಕಿಕೊಂಡು ಬೀದಿಗಿಳಿದ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಅವನಿಗಿಂತ ಮೊದಲೇ ಪ್ರತಿ ಬಾಗಿಲನ್ನೂ ತಟ್ಟಿತ್ತು. ಮೀಟರ್ ನೋಡಲು ಹೋದ ಮನೆಯ ಮುದುಕಿ ನಾಯಿಯ ಸರಪಳಿ ಬಿಚ್ಚಿದಳು. ಬೇಕರಿಯಲ್ಲಿ ಮಾಂಸ ತುಂಬಿದ ಬಿಸಿ ಬುರೆಕ್ ರೊಟ್ಟಿ ತಟ್ಟೆ ತುಂಬ ಹಬೆಯಾಡುತ್ತಿದ್ದರೂ ಖಾಲಿಯಾಗಿದೆ ಎಂದರು. ತಿಹೋಮಿರನಂತೂ ಅಂಗಡಿಯ ಬಾಗಿಲಲ್ಲೇ ತಡೆದ. "ಮಾಂಸ ಬೇಕಾ? ಬೆಲ್‌ಗ್ರೇಡ್ ಬಸ್ಸು ಅಲ್ಲಿ ನಿಲ್ಲುತ್ತೆ ನೋಡು."

"ಬೆಲ್‌ಗ್ರೇಡ್‌ನ ಮಾಂಸದಲ್ಲಿ ಇಷ್ಟು ಮೂಳೆ ಇರಲ್ಲ ಬಿಡು!" ಎಂದು ಓಬ್ರೆನ್ ತಲೆಯೆತ್ತಿಕೊಂಡೇ ಮುಂದೆ ನಡೆದ. ಅವರು ಬೈದಷ್ಟೂ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಹುಟ್ಟಿದ ಮೇಲೆ ಮೊದಲ ಸಲ ಊರೆಲ್ಲ ತನ್ನ ಬಗ್ಗೆ ಮಾತಾಡುತ್ತಿದೆ ಎಂಬ ಸಣ್ಣ ಖುಷಿಯೂ ಒಳಗೊಳಗೇ ಇತ್ತು.

ಮನೆಯಲ್ಲಿ ಹೆಂಡತಿ ಕೊಸಾರಾ ಬೀನ್ಸ್ ಸಾರಿನ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದಳು.

"ಅರ್ಧ ಗಡ್ಡ, ಪೂರ್ತಿ ಅವಮಾನ! ಹೋಗಿ ಆ ಚೀಟಿ ಬದಲಾಯಿಸ್ಕೊಂಡು ಬಾ."

"ಬದಲಾಯಿಸಲ್ಲ. ನನ್ನ ತಲೇಲಿ ಬುದ್ಧಿ ಇದೆ ಅಂತ ಒಂದು ದಿನ ಇವರೆಲ್ಲ ಒಪ್ಪಬೇಕು."

"ನಾನು ನಾಳೆ ಯಾವ ಮುಖ ಹೊತ್ಕೊಂಡು ಹೊರಗೆ ಹೋಗ್ಲಿ?"

"ಈ ಮುಖಾನೇ. ಚೆನ್ನಾಗೇ ಇದೆ."

ಕೊಸಾರಾ ನಗಲಿಲ್ಲ. ಕೋಟು ಹಾಕಿಕೊಂಡು, ಕೈಚೀಲ ಕಂಕುಳಿಗೆ ಸಿಕ್ಕಿಸಿಕೊಂಡು, ಬಾಗಿಲು ಧಡಾರೆಂದು ಎಳೆದು ಹೊರಟೇಹೋದಳು.

ಸಂಜೆಯೊಳಗೆ ನೋವಿ ಸಾದ್ ಗೆದ್ದಿತು. ನಿಶ್ ಗೆದ್ದಿತು. ಝಾಗ್ರೆಬ್ ಕೂಡ ಗೆದ್ದಿತು. ಓಬ್ರೆನ್ ರೇಡಿಯೋ ಆರಿಸುವಷ್ಟರಲ್ಲಿ ದೆಸಿಮಿರನ ದಂಡು ಮನೆಮುಂದೆ ಬಂದು ನಿಂತಿತ್ತು. ಅವನ ಕುತ್ತಿಗೆಗೆ ಊರ ತಂಡದ ಶಾಲು ಸುತ್ತಿ, ತೋಳು ಹಿಡಿದು ಕ್ರೀಡಾಂಗಣಕ್ಕೆ ನಡೆಸಿಕೊಂಡು ಹೋಗಿ, ಅಭಿಮಾನಿಗಳ ನಟ್ಟನಡುವೆ ಕೂರಿಸಿ, ಮಡಿಲಲ್ಲಿ ದೊಡ್ಡ ಡೋಲು ಇಟ್ಟರು.

"ಬಾರಿಸು! ನಿನ್ನ ಮೈಯಲ್ಲಿ ಈ ಊರ ರಕ್ತ ಇದೆಯೋ ಇಲ್ವೋ ನೋಡೋಣ," ಎಂದ ದೆಸಿಮಿರ್.

ಓಬ್ರೆನ್ ಸತ್ತ ಕೋಳಿಯ ಬೆನ್ನು ತಟ್ಟುವಂತೆ ತಟ್ಟಿದ. ಮೊದಮೊದಲು ಬೆಲ್‌ಗ್ರೇಡಿನವರೇ ಮುಂದಿದ್ದರು. ಸುತ್ತಲೂ ಎಲ್ಲರೂ ಕೇಕೆ ಹಾಕಿ ಹಾಡುತ್ತಿದ್ದರು. ಆಮೇಲೆ ಊದಿದ ಮಂಡಿಯ ಹುಡುಗ ಅದೇನು ತಿಂದು ಬಂದಿದ್ದನೋ, ಎಲ್ಲಿಂದ ಎಸೆದರೂ ಚೆಂಡು ಬುಟ್ಟಿಗೇ ಬೀಳತೊಡಗಿತು. ಅಂತರ ಕರಗಿತು. ಅಷ್ಟರಲ್ಲೇ ಹಾಡು ತಗ್ಗಿತು. ಭಯಕ್ಕೆ ಇವರ ಗಂಟಲು ಒಣಗಿದೆ ಎಂದುಕೊಂಡ ಓಬ್ರೆನ್.

ಊರ ತಂಡ ಮುಂದೆ ಬಂತು. ಎದುರಿಗೆ ಆ ಹುಡುಗ ಕುಂಟುತ್ತ, ಬೆವರು ಸುರಿಸುತ್ತ, ಹಲ್ಲು ಕಚ್ಚಿ ಓಡುತ್ತಿದ್ದ. ನೋಡುನೋಡುತ್ತ ಓಬ್ರೆನ್ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡ. ಇದೇ ಸಮಯಕ್ಕೆ ಹಿಂದಿನಿಂದ ತಿಹೋಮಿರ್, "ಚೀಟಿ ನೆನಸ್ಕೊಂಡು ಅಳ್ತಿದಾನೆ ನೋಡ್ರೋ, ದ್ರೋಹಿ!" ಎಂದ.

ಓಬ್ರೆನ್ ಡೋಲು ಕೆಳಗಿಟ್ಟು ಬೆಂಚಿನ ಮೇಲೆ ಹತ್ತಿ ನಿಂತ.

"ಯಾರೋ ದ್ರೋಹಿ? ನೋಡ್ರೋ! ಕಣ್ಣು ಬಿಟ್ಟು ನೋಡ್ರಿ!"

ಜೇಬಿನಿಂದ ಚೀಟಿ ತೆಗೆದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ. ಮುದ್ದೆ ಮಾಡಿ ಬಾಯಿಗೆ ಹಾಕಿಕೊಂಡ. ಜಗಿದ. ಪಕ್ಕದವನ ಕೈಯಲ್ಲಿದ್ದ ಬಿಯರ್ ಕಸಿದು ಒಂದೇ ಗುಟುಕಿಗೆ ಒಳಗಿಳಿಸಿದ. "ಈಗ ಹೇಳ್ರಿ!"

ಚಪ್ಪಾಳೆ ಬೀಳಬೇಕಿತ್ತು. ದೆಸಿಮಿರ್ ಬಾಯಿ ತೆರೆದು ನೋಡುತ್ತಿದ್ದ. ತಿಹೋಮಿರ್ ಮೆಲ್ಲಗೆ, "ಅಯ್ಯೋ, ತಿಂದೇಬಿಟ್ನಲ್ಲಪ್ಪಾ," ಎಂದ. ಓಬ್ರೆನನಿಗೆ ಅದ್ಯಾವುದೂ ಕಿವಿಗೆ ಬೀಳಲಿಲ್ಲ. ಡೋಲು ಎತ್ತಿಕೊಂಡು ಚರ್ಮ ಹರಿಯುವಂತೆ ಬಾರಿಸತೊಡಗಿದ. ಇಡೀ ಕ್ರೀಡಾಂಗಣದಲ್ಲಿ ಗಂಟಲು ಹರಿದುಕೊಂಡು ಕೂಗುತ್ತಿದ್ದವನು ಅವನೊಬ್ಬನೇ. ಉಳಿದವರು ಸಾವಿನ ಮನೆಗೆ ಬಂದವರಂತೆ ಕೈಕಟ್ಟಿ ಕೂತಿದ್ದರು.

ಕೊನೆಗಳಿಗೆಯಲ್ಲಿ ಬೆಲ್‌ಗ್ರೇಡ್ ಮತ್ತೆ ಒಂದು ಅಂಕ ಮುಂದೆ. ಊದಿದ ಮಂಡಿಯ ಹುಡುಗನಿಗೆ ಯಾರೂ ಅಡ್ಡ ಬಾರದೆ ಎಸೆಯುವ ಎರಡು ಫ್ರೀ ಥ್ರೋ ಸಿಕ್ಕವು. ಮೊದಲನೆಯದು ಕಬ್ಬಿಣಕ್ಕೆ ಬಡಿದು ಹೊರಗೆ ಹಾರಿತು. ಎರಡನೆಯದು ಬುಟ್ಟಿಯ ಅಂಚಿನ ಮೇಲೆ ಸುತ್ತಿತು, ಇನ್ನೊಮ್ಮೆ ಸುತ್ತಿತು, ಹೊರಗೆ ಬಿತ್ತು. ಆಟ ಮುಗಿಯಿತು.

ಕ್ರೀಡಾಂಗಣದ ತುಂಬ ದೊಡ್ಡದೊಂದು ನಿಟ್ಟುಸಿರು ಎದ್ದಿತು. ಓಬ್ರೆನ್ ಡೋಲಿನ ಮೇಲೆ ತಲೆಯಿಟ್ಟು ಅತ್ತ. ತಲೆಯೆತ್ತಿ ನೋಡಿದರೆ ಸುತ್ತ ಯಾರೂ ಇರಲಿಲ್ಲ.

ಚೀಟಿ ಹೊಟ್ಟೆಯಲ್ಲಿದ್ದರೂ ಕಂಪ್ಯೂಟರಿನಲ್ಲಿ ಗುರುತು ಉಳಿದಿರಬಹುದು ಎಂಬ ಆಸೆಯಿಂದ ಅವನು ಬಾಜಿ ಅಂಗಡಿಗೆ ಓಡಿದ. ಅಲ್ಲಿ ಸಾಲು ಬಾಗಿಲು ದಾಟಿ ಪಾದಚಾರಿ ದಾರಿಯವರೆಗೆ ಬೆಳೆದಿತ್ತು. ಎಲ್ಲರಿಗಿಂತ ಮುಂದೆ ದೆಸಿಮಿರ್, ಅವನ ಹಿಂದೆ ತಿಹೋಮಿರ್, ಆಮೇಲೆ ಬೇಕರಿಯವನು. ನಾಯಿ ಬಿಟ್ಟಿದ್ದ ಮುದುಕಿಯೂ ಇದ್ದಳು. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಚೀಟಿ. ಓಬ್ರೆನ್ ಒಂದನ್ನು ಇಣುಕಿ ನೋಡಿದ: ನೋವಿ ಸಾದ್, ನಿಶ್, ಝಾಗ್ರೆಬ್, ಬೆಲ್‌ಗ್ರೇಡ್.

"ನಾನು ಕರೆಂಟ್ ಬಿಲ್ ಕಟ್ಟೋಕೆ ಬಂದೆ," ಎಂದ ದೆಸಿಮಿರ್, ನೋಟುಗಳನ್ನು ಜೇಬಿಗೆ ತುರುಕುತ್ತ.

"ಮತ್ತೆ ನನಗೆ ಚೀಟಿ ತಿನ್ನಿಸಿದ್ರಲ್ಲೋ!"

"ನಾವೆಲ್ಲಿ ತಿನ್ನು ಅಂದ್ವಿ ಮಾರಾಯ? ಡೋಲು ಬಾರಿಸು ಅಂದ್ವಿ ಅಷ್ಟೆ."

ಕೌಂಟರಿನ ಯಗೋದಾ ಮರುಕದಿಂದಲೇ ತಲೆಯಾಡಿಸಿದಳು. "ಚೀಟಿ ಇಲ್ಲದೆ ಕೊಡೋಕಾಗಲ್ಲ ಓಬ್ರೆನಣ್ಣ. ಅದೇ ನಿಯಮ."

ಮೂಲೆಯ ಕುರ್ಚಿಯಲ್ಲಿ ಕೊಸಾರಾ ಕೂತಿದ್ದಳು. ಅವಳ ಕೈಯಲ್ಲೂ ಒಂದು ಚೀಟಿ. ಓಬ್ರೆನನ ಮುಖ ಅರಳಿತು. "ನೀನೂ ನನ್ನ ತಂತ್ರಾನೇ ಹಾಕಿದ್ಯಾ?"

"ಹೂಂ. ನಾಲ್ಕನೇದೊಂದು ಬಿಟ್ಟು," ಎಂದಳು ಕೊಸಾರಾ. "ಅಲ್ಲಿ ನಮ್ಮೂರು ಅಂತ ಹಾಕ್ದೆ. ನಮ್ಮನೇಲಿ ಒಬ್ಬರಿಗಾದ್ರೂ ಮಾನ ಇರ್ಲಿ ಅಂತ. ಈ ತಿಂಗಳ ಮನೆಖರ್ಚೆಲ್ಲ ಹೋಯ್ತು."

ಓಬ್ರೆನ್ ಬೈಯುವುದಕ್ಕೆಂದು ಬಾಯಿ ತೆರೆದ. ಅವಳು ಗದ್ದ ಮೇಲೆತ್ತಿಕೊಂಡು ಅವನನ್ನೇ ದಿಟ್ಟಿಸುತ್ತಿದ್ದಳು. ಅವನು ಬೈಗುಳ ಬಿಟ್ಟು ಪಕ್ಕದಲ್ಲಿ ಕೂತ.

ದೆಸಿಮಿರ್ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ. ದನಿಯಲ್ಲಿ ಜೇನು ಸುರಿಯುತ್ತಿತ್ತು. "ಓಬ್ರೆನಣ್ಣ, ನಾಳೆ ಬಾ, ಉಳಿದ ಗಡ್ಡ ಪುಕ್ಕಟೆ. ಮುಂದಿನ ಶನಿವಾರಕ್ಕೆ ಏನು ತಂತ್ರ?"

ಸಾಲಿನಲ್ಲಿದ್ದವರೆಲ್ಲ ಕುತ್ತಿಗೆ ಚಾಚಿದರು. ಓಬ್ರೆನ್ ಎದ್ದು, ಕೊಸಾರಾಳ ಕೈಚೀಲ ತಡಕಿ ಉಳಿದಿದ್ದ ಬಸ್ಸಿನ ಚಿಲ್ಲರೆಯನ್ನೆಲ್ಲ ಕೌಂಟರಿನ ಮೇಲೆ ಸುರಿದ.

"ಯಗೋದಾ, ಶನಿವಾರ ನಮ್ಮೂರು ಗೆಲ್ಲುತ್ತೆ. ಅದೊಂದೇ. ನಾಲ್ಕರ ಕಾಂಬಿನೇಷನ್ನೂ ಬೇಡ, ಮಣ್ಣೂ ಬೇಡ!"

ಚೀಟಿಯನ್ನು ಟೋಪಿಗೆ ಸಿಕ್ಕಿಸಿಕೊಂಡು, ಹೆಂಡತಿಯ ಕೈಹಿಡಿದು, ಎಲ್ಲರ ನಡುವಿನಿಂದ ಮದುಮಗನಂತೆ ಹೊರಟ. ಅವರಿನ್ನೂ ಹೊಸ್ತಿಲು ದಾಟಿರಲಿಲ್ಲ. ಹಿಂದಿನಿಂದ ದೆಸಿಮಿರನ ದನಿ ಕೇಳಿಸಿತು:

"ಯಗೋದಾ, ನಮಗೆಲ್ಲ ಅದರ ಉಲ್ಟಾ ಹಾಕಮ್ಮ."