ಔರಾದಿನ ಹಾಲು, ಒಲೆಯ ಮೇಲಿನ ಹಾಲು

ನಮ್ಮ ವೈನಿಗೆ, ಅಂದರೆ ನನ್ನ ಅಣ್ಣನ ಹೆಂಡತಿಗೆ, ಹಾಲು ಕಾಯಿಸಲು ಬರುವುದಿಲ್ಲ. ಬೀದರಿನ ಮೈಲೂರಿನಲ್ಲಿ ಕೂತು ಭಾಲ್ಕಿ, ಔರಾದ್, ಕಮಲನಗರದ ಹಾಲನ್ನೆಲ್ಲ ಕಾಪಾಡುವವರ ಮೇಲೆ ಇಂಥ ಆರೋಪವೇ ಎಂದು ಹುಬ್ಬೇರಿಸಬೇಡಿ. ನಮ್ಮ ಮನೆಯ ಒಲೆಯನ್ನು ಒಮ್ಮೆ ಬಂದು ನೋಡಿ!

ವೈನಿ ಒಂದು ಖಾಸಗಿ ಡೇರಿಯಲ್ಲಿ ಕೆಲಸ ಮಾಡುತ್ತಾರೆ. ಊರೂರಿನಲ್ಲಿ ಹಾಲು ತಂಪಾಗಿಡುವ ಟ್ಯಾಂಕುಗಳಿವೆ, ಅವುಗಳಿಗೆ ಉಷ್ಣತೆ ಅಳೆಯುವ ಸಾಧನ ಕೂರಿಸಿದ್ದಾರೆ. ಆ ಅಂಕಿಗಳೆಲ್ಲ ನೆಟ್‌ವರ್ಕಿನ ಮೇಲೆ ನಿಗಾ ಇಡುವ ಸಾಫ್ಟ್‌ವೇರಿಗೆ ಬಂದು ಬೀಳುತ್ತವೆ. ಹಾಲು ತಣ್ಣಗಿದ್ದರೆ ಹಸಿರು, ಬಿಸಿಯಾದರೆ ಕೆಂಪು. ಉಳಿದವರು ಹಸಿರು ಕಂಡರೆ ನೆಮ್ಮದಿಯಾಗಿ ಚಹಾ ಕುಡಿಯುತ್ತಾರೆ. ವೈನಿಗೆ ಬಣ್ಣ ಸಾಲದು. ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ಬೇಗ ಬದಲಾಗುತ್ತಿದೆ ಎನ್ನುವುದೇ ಅವರ ಹುಚ್ಚು.

ಮನೆಯಲ್ಲೂ ಅಷ್ಟೇ. ನನಗೆ ಜ್ವರ ನೂರೊಂದು ಅಂದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಮುಂಜಾನೆ ಎಷ್ಟಿತ್ತು, ಏರುತ್ತಿದೆಯೋ ಇಳಿಯುತ್ತಿದೆಯೋ ಹೇಳಬೇಕು. ಅಣ್ಣನ ಸಿಟ್ಟನ್ನೂ ಹೀಗೇ ಅಳೆಯುತ್ತಾರೆ. ನಿಧಾನಕ್ಕೆ ಏರುವ ಸಿಟ್ಟಿಗೆ ಒಂದು ಕಪ್ ಚಹಾ, ಗಕ್ಕನೆ ಏರುವ ಸಿಟ್ಟಿಗೆ ಭಾತಂಬ್ರಾದ ತವರುಮನೆ!

ಈ ಹುಚ್ಚಿನಲ್ಲೇ ಒಮ್ಮೆ, ಉಷ್ಣತೆ ಸರ್ರನೆ ಏರತೊಡಗಿದರೆ ಸಾಕು, ಹಸಿರಿದ್ದರೂ ಮೊಬೈಲಿನಲ್ಲಿ ಗಂಟೆ ಬಾರಿಸುವ ಏರ್ಪಾಡು ಮಾಡಿದರು. ಮರುದಿನ ಮುಂಜಾನೆ ಮೂರೂ ಊರಿನ ಗಂಟೆಗಳು ಒಟ್ಟಿಗೇ ಹೊಡೆದುಕೊಂಡವು. ಸುದ್ದಿ ತಿಳಿದು ಡೇರಿಯ ಮ್ಯಾನೇಜರ್ ಅರ್ಧ ಗಡ್ಡ ಹೆರೆದುಕೊಂಡೇ ಆಫೀಸಿಗೆ ಓಡಿಬಂದರಂತೆ. ಆಗಿದ್ದೇನು? ಜನ ಆಗಷ್ಟೇ ಹಿಂಡಿದ ಹಾಲನ್ನು ಟ್ಯಾಂಕಿಗೆ ಸುರಿದಿದ್ದರು. ಹಿಂಡಿದ ಹಾಲು ಬೆಚ್ಚಗಿರುತ್ತದೆ ಎಂಬುದನ್ನು ಎಮ್ಮೆಗಳ ನಡುವೆಯೇ ಬೆಳೆದ ನಮ್ಮ ವೈನಿ ಮರೆತಿದ್ದರು! ಹಾಲು ಸುರಿಯುವ ಹೊತ್ತಿನಲ್ಲಿ ಗಂಟೆ ಸುಮ್ಮನಿರುವಂತೆ ತಿದ್ದಿದ್ದೇನೋ ನಿಜ. ಆದರೆ ಇನ್ನೊಮ್ಮೆ ಸುಳ್ಳು ಗಂಟೆ ಹೊಡೆದರೆ ಅದನ್ನು ಕಿತ್ತೇ ಹಾಕಿಸುತ್ತೇನೆ ಎಂದು ಮ್ಯಾನೇಜರ್ ಖಡಕ್ಕಾಗಿ ಹೇಳಿಬಿಟ್ಟರು.

ಅಂದಿನಿಂದ ವೈನಿಯ ಕಣ್ಣು ಮೊಬೈಲಿನಲ್ಲಿ, ಮನೆಯ ಹಾಲು ಒಲೆಯ ತುಂಬ. ಅವ್ವ ವೈನಿಗೆ ಕೇಳಿಸುವಂತೆ ನನಗೆ ಹೇಳುತ್ತಿದ್ದಳು: "ಊರ ಹಾಲೆಲ್ಲ ಆಕಿ ನೋಡ್ತಾಳ. ಒಲಿ ಮ್ಯಾಗಿನ ಹಾಲ ಯಾರ ನೋಡಬೇಕು?"

ಒಂದು ಭಾನುವಾರ ಮಧ್ಯಾಹ್ನ ವೈನಿ ಹಾಲಿಟ್ಟು ನಿಂತಿದ್ದಾಗ ಗಂಟೆ ಹೊಡೆಯಿತು. ಔರಾದಿನ ಟ್ಯಾಂಕು. ಅಂಕಿ ಇನ್ನೂ ಹಸಿರಿನಲ್ಲೇ ಇತ್ತು, ಆದರೆ ನೋಡನೋಡುತ್ತ ಏರುತ್ತಿತ್ತು. ಹಾಲು ಸುರಿಯುವ ಹೊತ್ತು ಎಂದೋ ಮುಗಿದಿತ್ತು. ವೈನಿಯ ಮುಖ ಸಣ್ಣದಾಯಿತು. ಇದೂ ಸುಳ್ಳಾದರೆ ಗಂಟೆಯ ಕಥೆ ಮುಗಿದಂತೆಯೇ. ಆದರೂ ಔರಾದಿನ ಆಪರೇಟರಿಗೆ ಫೋನ್ ಹಚ್ಚಿದರು. ಅವನು ಆಕಳಿಸುತ್ತ, ಇಲ್ಲಿ ಎಲ್ಲಾ ಹಸಿರೇ ಅದರಿ ಮೇಡಂ ಅಂದ.

"ಹಸಿರ ಅದ ಖರೇರಿ. ಆದ್ರ ಕೆಂಪಿನ ಕಡಿ ಓಡ್ಲಾಕತ್ತದ. ಎದ್ದು ಮಶೀನ್ ನೋಡ್ರಿ."

ಅವರ ಬೆನ್ನ ಹಿಂದೆ ನಮ್ಮ ಹಾಲು ಉಕ್ಕಿ ಸುರಿದು ಒಲೆಯೇ ಆರಿಹೋಯಿತು. ವೈನಿ ತಿರುಗಿಯೂ ನೋಡಲಿಲ್ಲ. ನಾನೇ ಹೋಗಿ ಗ್ಯಾಸ್ ಬಂದ್ ಮಾಡಿದೆ.

ಆಪರೇಟರ್ ತಿರುಗಿ ಫೋನ್ ಮಾಡಿದಾಗ ಅವನ ಆಕಳಿಕೆ ಮಾಯವಾಗಿತ್ತು. ತಂಪು ಮಾಡುವ ಯಂತ್ರದ ಫ್ಯಾನು ನಿಂತುಹೋಗಿತ್ತಂತೆ. ಕೂಡಲೇ ಟ್ಯಾಂಕರ್ ಹೋಯಿತು. ಹಾಲು ಕೆಡುವ ಮೊದಲೇ ಭಾಲ್ಕಿಯ ಟ್ಯಾಂಕು ಸೇರಿತು. ಗಂಟೆ ಕೀಳಿಸುವ ಮಾತನ್ನು ಮ್ಯಾನೇಜರ್ ಮತ್ತೆ ಎತ್ತಲಿಲ್ಲ. ನಾನಂತೂ ಈ ಕಥೆಯನ್ನು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ನಮ್ಮ ವೈನಿ ಅಂದಮೇಲೆ ನನಗೆ ಹೆಮ್ಮೆ ಇರಬಾರದೇ?

ಅವತ್ತು ಸಂಜೆ ವೈನಿ ಒಲೆ ಒರೆಸಲು ಬಗ್ಗಿದಾಗ ಅವ್ವ ಅವರ ಕೈಯ ಅರಿವೆ ಕಸಿದುಕೊಂಡು ತಾನೇ ಒರೆಸಿದಳು. ಈಗಲೂ ನಮ್ಮ ಮನೆಯಲ್ಲಿ ಆ ಗಂಟೆ ಹೊಡೆದರೆ ಮೊದಲು ಏಳುವವಳು ಅವ್ವ. ಮೊಣಕಾಲು ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಲ್ಲುತ್ತಾಳೆ.

"ನೀ ಔರಾದಿನ ಹಾಲ ನೋಡವ್ವ," ಅನ್ನುತ್ತಾಳೆ, "ಈ ಹಾಲ ನಾ ನೋಡ್ತೇನಿ."