ಮೂಗಿಲ್ಲದ ಬೀರ್ಯಾ

ಕಣ್ಣಿಗೆ ಚಂದ ಕಂಡದ್ದೇ ಮನಸ್ಸಿಗೂ ಹಿಡಿಸುತ್ತದೆ ಎಂಬ ಭ್ರಮೆ ನನಗೆ ಬಹಳ ದಿನ ಇತ್ತು. ಇರದೆ ಏನು? ಬನಹಟ್ಟಿಯಲ್ಲಿ ಸೀರೆಯ ಸೆರಗಿಗೆ ನಕ್ಷೆ ಬರೆಯುವವನು ನಾನು. ಕಾಗದದ ಮೇಲೆ ಒಂದೊಂದೇ ಚೌಕ ತುಂಬಿ ನವಿಲು ಮೂಡಿಸುತ್ತೇನೆ. ಕೊಕ್ಕು ಒಂದು ಚೌಕ ತಪ್ಪಿದರೂ ನನಗೆ ಊಟ ರುಚಿಸುವುದಿಲ್ಲ. ಅಂಥವನ ಮನೆಯ ಟಿವಿಯಲ್ಲಿ ಬೀರ್ಯಾ ಬಂದು ಸೇರಿಕೊಂಡಿದ್ದ.

ಬೀರ್ಯಾ ಎಂದರೆ ನಮ್ಮ ಹಳೆಯ ವಿಡಿಯೋ ಗೇಮಿನ ನಾಯಕ. ತಲೆಗೊಂದು ಹಳದಿ ಚೌಕ, ಮೈಗೊಂದು ಬಿಳಿ ಚೌಕ, ಮೂಗಿಗೆ ಜಾಗವೇ ಇಲ್ಲ. ನಮ್ಮ ಅವ್ವ ನೋಡಿದವಳೇ, "ಕುರಿ ಕಾಯೂ ಬೀರ್ಯಾನಂಗ ರುಮಾಲ ಸುತ್ಯಾನ ನೋಡ!" ಎಂದು ನಾಮಕರಣ ಮಾಡಿಬಿಟ್ಟಳು. ಬಾವಿಗಳನ್ನು ಹಾರಿ ಅವನು ಗುಡಿಸಲು ಸೇರಬೇಕು, ಅಷ್ಟೇ ಆಟ. ಸೇರಿದರೆ ಸಣ್ಣದೊಂದು ಕುಣಿತ. ಆ ಕುಣಿತಕ್ಕೆ ಅವ್ವ, ನನ್ನ ಹೆಂಡತಿ ಶಾಂತಾ, ಇಬ್ಬರೂ ಕರಗಿ ನೀರು. ಅದರ ಮೇಲೆ ಅವ್ವನದೊಂದು ಕಾನೂನು: ದೀಪ ಹಚ್ಚುವ ಹೊತ್ತಿಗೆ ಬೀರ್ಯಾ ಮನೆ ಮುಟ್ಟಿರಬೇಕು. "ಹೊರಗ ನಿಂತಾಂವನ್ನ ಬಿಟ್ಟು ನಾವು ಒಳಗ ಉಣ್ಣೂದು ಹೆಂಗ?" ಹೀಗಾಗಿ ಆ ಮೂಗಿಲ್ಲದವನು ಮನೆ ಮುಟ್ಟುವವರೆಗೆ, ಮುಖದ ತುಂಬ ಮೂಗೇ ಇರುವ ನನಗೆ ರೊಟ್ಟಿ ಸಿಗುತ್ತಿರಲಿಲ್ಲ.

ಅದನ್ನೂ ಸಹಿಸಿದೆ. ಆದರೆ ಶಾಂತಾಳ ತಮ್ಮ, ಮುಧೋಳದಲ್ಲಿ ಲೆಕ್ಚರರ್ ಆಗಿರುವವನು, ಒಮ್ಮೆ ಬಂದು, "ಮಾಮಾ, ನಕ್ಷಿ ಬರ್ಯಾವ್ರ ಮನ್ಯಾಗ ಇಂಥಾ ಚಿತ್ರ ಏನ್ರಿ?" ಎಂದು ನಕ್ಕ. ನನ್ನ ಮಾನ ಹೋಯಿತು. ಅವನು ಮತ್ತೆ ಬರುವಷ್ಟರಲ್ಲಿ ಹೊಸ ಗೇಮ್ ಮಷೀನು ತಂದೆ. ಅದರ ನಾಯಕನೋ, ಮೀಸೆಯ ಕೂದಲು ಎಣಿಸಬಹುದು! ಅಂಗಿಗೆ ಗುಂಡಿ, ಗುಂಡಿಗೆ ಹೊಳಪು, ಹಿಂದೆ ಹಿಂದೆ ನೆರಳು ಬೇರೆ. ಭಾವಮೈದುನನನ್ನು ಎದುರಿಗೇ ಕೂಡಿಸಿಕೊಂಡು ಆಟ ಹಚ್ಚಿದೆ.

"ಛಲೋ ಅದಾನ," ಎಂದಳು ಅವ್ವ. "ಆದ್ರ ಇಂವಾ ಯಾರ ಪೈಕಿ?"

ನನಗೇನು ಗೊತ್ತು? ಅವನು ಎಲ್ಲರನ್ನೂ ಹೊಡೆದ, ಒಮ್ಮೆಯೂ ನಗಲಿಲ್ಲ. ಕೊನೆಗೆ ಅವನೂ ಸತ್ತ. ಯಾರೂ ಅಯ್ಯೋ ಎನ್ನಲಿಲ್ಲ. ಶಾಂತಾ ಅಕ್ಕಿ ಆರಿಸುತ್ತಲೇ ಇದ್ದಳು.

"ಹಳೇದು ಹಚ್ಚಪಾ," ಎಂದಳು ಅವ್ವ. "ಮುಂಜಾನಿ ಕರೆಂಟ್ ಹೋದಾಗಿಂದ ಬೀರ್ಯಾ ಬಾವಿ ದಂಡಿಮ್ಯಾಲೆ ನಿಂತಾನ. ದೀಪ ಹಚ್ಚೂ ಹೊತ್ತಾತು."

"ನಾ ಮುಟ್ಟಸ್ತೇನಿ ಕೊಡ್ರಿ ಅತ್ತಿ," ಎಂದು ಲೆಕ್ಚರರ್ ಸಾಹೇಬರೇ ಮುಂದೆ ಬಂದರು! ನನಗೆ ರೇಗಿತು. "ಎಲ್ಲಾರ ಕಣ್ಣೂ ಹೋಗ್ಯಾವೇನು? ಚಂದ ಯಾವ್ದು, ಚೌಕ ಯಾವ್ದು ತಿಳೀವಲ್ದ?"

ಶಾಂತಾ ಮೊರದಿಂದ ತಲೆ ಎತ್ತಲಿಲ್ಲ. "ಚಂದ ನೋಡಾಕಿ ಆಗಿದ್ರ ನಾ ನಿಮ್ಮನ್ನ ಮಾಡ್ಕೋತಿದ್ನೇನ್ರಿ?"

ಗೋಡೆಯ ಮೇಲಿನ ನಮ್ಮ ಮದುವೆ ಫೋಟೋ ನೋಡಿದೆ. ಜಮಖಂಡಿಯ ಸ್ಟುಡಿಯೋದವನು ಬಲು ಸ್ಪಷ್ಟವಾಗಿ ತೆಗೆದಿದ್ದಾನೆ, ಪುಣ್ಯಾತ್ಮ, ನನ್ನ ಮೂಗಿನದೇನೂ ಮುಚ್ಚಿಟ್ಟಿಲ್ಲ. ಪಕ್ಕದಲ್ಲಿ ಶಾಂತಾ ನಗುತ್ತಿದ್ದಾಳೆ. ನಾನು ಹಳೆಯ ಮಷೀನು ಜೋಡಿಸಿ, ಭಾವಮೈದುನನನ್ನು ಪಕ್ಕಕ್ಕೆ ಸರಿಸಿ, ಬೀರ್ಯಾನನ್ನು ನಾನೇ ಮನೆ ಮುಟ್ಟಿಸಿದೆ. ಹಸಿವಾಗಿತ್ತು, ಮತ್ತೇನಿಲ್ಲ.